ಮುಂದಕ್ಕೆ ಲಾಗ: ಗಾಳಿಯಲ್ಲಿರುವ ಆ ಅರ್ಧ ಸೆಕೆಂಡು

ತುಮಕೂರಿನ ನಮ್ಮ ಬೀದಿಯ ಕೊನೆಯಲ್ಲಿ ಒಂದು ಮನೆ ಕಟ್ಟುತ್ತಿದ್ದಾರೆ. ರಸ್ತೆ ಬದಿಗೆ ಎರಡು ಲೋಡ್ ಎಂ-ಸ್ಯಾಂಡ್ ಸುರಿದಿದ್ದರು. ಬೇಸಿಗೆ ರಜೆ ಬೇರೆ. ಸಂಜೆ ಐದಾದರೆ ಸಾಕು, ಬೀದಿಯ ಹುಡುಗರೆಲ್ಲ ಅಲ್ಲೇ. ಒಬ್ಬ ಓಡಿ ಬಂದು ಮರಳಿನ ಮೇಲೆ ಲಾಗ ಹಾಕುತ್ತಾನೆ, ಇನ್ನೊಬ್ಬ ಮೊಬೈಲ್ ಹಿಡಿದು ರೀಲ್ಸ್ ಮಾಡುತ್ತಾನೆ, ಮಿಕ್ಕವರು ಕೂಗುತ್ತಾರೆ. ನಾಲ್ಕನೇ ದಿನ ಪಕ್ಕದ ಮನೆಯ ಹುಡುಗ ಪೂರ್ತಿ ಸುತ್ತುವ ಮೊದಲೇ ಅಂಡೂರಿ ಬಿದ್ದ. ಬೀಳುವಾಗ ಎರಡೂ ಕೈ ಹಿಂದಕ್ಕೆ ಊರಿದ್ದ. ಬಲಗೈ ಮಣಿಕಟ್ಟಿನ ಹತ್ತಿರ ಮೂಳೆ ಬಿರುಕು ಬಿಟ್ಟಿತು.

ಅವನ ಅಮ್ಮ ಎರಡು ದಿನ ಬಿಟ್ಟು ನನ್ನ ಹತ್ತಿರ ಬಂದರು. ಹೈಸ್ಕೂಲು, ಕಾಲೇಜಿನಲ್ಲಿ ನಾನು ಜಿಮ್ನಾಸ್ಟಿಕ್ಸ್ ಮಾಡುತ್ತಿದ್ದೆ ಅನ್ನುವುದು ಅವರಿಗೆ ಗೊತ್ತು. "ಅಣ್ಣಾ, ಬೇಡ ಅಂದ್ರೆ ಕದ್ದು ಮಾಡ್ತಾನೆ. ಮಾಡು ಅನ್ನೋಕೆ ನಂಗೆ ಧೈರ್ಯ ಇಲ್ಲ. ಇದನ್ನ ಕಲಿಯೋಕೆ ಸರಿಯಾದ ದಾರಿ ಅಂತ ಏನಾದ್ರೂ ಇದ್ಯಾ?" ಅಂತ ಕೇಳಿದರು.

ಇದೆ. ಅವರಿಗೆ ಅಂದು ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಇದನ್ನು ಓದಿಕೊಂಡು ಮನೆಯಲ್ಲೇ ಲಾಗ ಕಲಿಸಬಹುದು ಅಂತ ಮಾತ್ರ ಅಂದುಕೊಳ್ಳಬೇಡಿ. ನಿಮ್ಮ ಮಗ ಅಥವಾ ಮಗಳು ಎಲ್ಲಾದರೂ ಕಲಿಯಲು ಹೋದಾಗ, ಅಲ್ಲಿ ಕಲಿಸುವ ರೀತಿ ಸರಿಯಿದೆಯಾ ಅಂತ ನಿಮಗೆ ಗೊತ್ತಾಗಲಿ ಅನ್ನುವುದಕ್ಕೆ ಇದು.

ಲಾಗ ಅಂದರೆ ಯಾವುದು?

ನಮ್ಮ ಕಡೆ ಎಲ್ಲದಕ್ಕೂ ಲಾಗ, ಪಲ್ಟಿ ಅಂತಲೇ ಹೇಳುತ್ತೇವೆ. ಜಿಮ್ನಾಸ್ಟಿಕ್ಸ್‌ನಲ್ಲಿ ಒಂದೊಂದಕ್ಕೂ ಬೇರೆ ಹೆಸರಿದೆ. ತಲೆ ಒಳಗೆ ಮಾಡಿ ನೆಲದ ಮೇಲೇ ಉರುಳಿದರೆ ಅದು ಫಾರ್ವರ್ಡ್ ರೋಲ್. ಎರಡೂ ಕೈ ನೆಲಕ್ಕೆ ಊರಿ, ಕಾಲನ್ನು ತಲೆಯ ಮೇಲಿಂದ ಬೀಸಿ, ಚಿಮ್ಮಿ ನಿಂತರೆ ಫ್ರಂಟ್ ಹ್ಯಾಂಡ್‌ಸ್ಪ್ರಿಂಗ್. ಕೈ, ತಲೆ ಯಾವುದೂ ನೆಲಕ್ಕೆ ತಾಗದೆ ಗಾಳಿಯಲ್ಲೇ ಒಂದು ಸುತ್ತು ಸುತ್ತಿ ಕಾಲಿನ ಮೇಲೆ ಇಳಿದರೆ ಸಾಲ್ಟೊ. ನಮ್ಮ ಬೀದಿಯ ಹುಡುಗರು ಹಾಕಲು ಹೋಗಿದ್ದು ಇದನ್ನೇ.

ಸಾಲ್ಟೊದಲ್ಲೂ ಮೈಯನ್ನು ಹೇಗೆ ಇಟ್ಟುಕೊಳ್ಳುತ್ತೀರಿ ಅನ್ನುವುದರ ಮೇಲೆ ಮೂರು ಬಗೆ. ಮಂಡಿಯನ್ನು ಎದೆಗೆ ಒತ್ತಿ ಉಂಡೆಯಾದರೆ ಟಕ್. ಕಾಲು ನೇರ ಇಟ್ಟು ಸೊಂಟದಲ್ಲಿ ಮಾತ್ರ ಮಡಿಸಿದರೆ ಪೈಕ್. ಇಡೀ ಮೈ ಕೋಲಿನಂತೆ ನೇರ ಇದ್ದರೆ ಲೇಔಟ್. ಟಕ್ ಎಲ್ಲಕ್ಕಿಂತ ಸುಲಭ, ಲೇಔಟ್ ಕಷ್ಟ. ಈ ಬರಹದಲ್ಲಿ ಹೆಚ್ಚಾಗಿ ಹೇಳುವುದು ಮುಂದಕ್ಕೆ ಹಾಕುವ ಟಕ್ ಬಗ್ಗೆ. ಫ್ರಂಟ್ ಟಕ್ ಅನ್ನುತ್ತಾರೆ.

ಸುತ್ತು ಎಲ್ಲಿಂದ ಬರುತ್ತದೆ?

ದಾರಿಯಲ್ಲಿ ಬಿರುಸಾಗಿ ನಡೆಯುವಾಗ ಕಲ್ಲು ಎಡವಿದ್ದೀರಲ್ಲ? ಕಾಲು ಅಲ್ಲೇ ನಿಂತಿತು, ಮೈ ಮಾತ್ರ ಮುಂದೆ ಹೋಯಿತು, ಹಾಗಾಗಿ ಮುಗ್ಗರಿಸಿದಿರಿ. ಮುಂದಕ್ಕೆ ಲಾಗ ಹುಟ್ಟುವುದೂ ಅಲ್ಲೇ. ಓಡಿ ಬಂದವರು ಎರಡೂ ಪಾದ ಒಟ್ಟಿಗೆ ನೆಲಕ್ಕೆ ಬಡಿಯುತ್ತಾರೆ. ಪಾದ ನಿಲ್ಲುತ್ತದೆ, ಮೈ ಪಾದದ ಮೇಲಿಂದ ಮುಂದಕ್ಕೆ ತಿರುಗುತ್ತದೆ. ಎಡವಿದಾಗ ನಮಗೆ ಗೊತ್ತಿಲ್ಲದೆ ಆಗುವುದನ್ನು ಇಲ್ಲಿ ಬೇಕೆಂದೇ ಮಾಡುತ್ತಾರೆ. ಜೊತೆಗೆ, ಓಟದ ವೇಗವನ್ನು ಮುಂದಕ್ಕೆ ಹೋಗಲು ಬಿಡದೆ ಮೇಲಕ್ಕೆ ತಿರುಗಿಸುತ್ತಾರೆ.

ಎರಡೂ ಪಾದ ಬಡಿಯುವ ಈ ಹೊಡೆತಕ್ಕೆ ಪಂಚ್ ಅನ್ನುತ್ತಾರೆ. ಇದನ್ನು ಕಿವಿಯಲ್ಲೇ ಗುರುತಿಸಬಹುದು. ಸರಿಯಾದ ಪಂಚ್ "ಟಪ್" ಅಂತ ಒಂದೇ ಸದ್ದು ಮಾಡುತ್ತದೆ, ಚಿಕ್ಕದಾಗಿ, ಗಟ್ಟಿಯಾಗಿ. "ಟ-ಟಪ್" ಅಂತ ಎರಡು ಸದ್ದು ಬಂದರೆ ಒಂದು ಕಾಲು ಮೊದಲು ಬಿತ್ತು ಅಂತ ಅರ್ಥ. ಆಗ ಮೈ ಒಂದು ಪಕ್ಕಕ್ಕೆ ವಾಲಿ ಏಳುತ್ತದೆ, ಇಳಿಯುವಾಗಲೂ ಓರೆ. "ದಬ್" ಅಂತ ಮೆತ್ತಗೆ, ಉದ್ದಕ್ಕೆ ಕೇಳಿಸಿದರೆ ಮಂಡಿ ಜಾಸ್ತಿ ಮಡಿಸಿ ಕೂತುಬಿಟ್ಟ ಅಂತ. ಚಿಮ್ಮುವ ಶಕ್ತಿಯೆಲ್ಲ ಅಲ್ಲೇ ಕರಗಿತು. ನಮಗೆ ಕಲಿಸಿದ ಮೇಷ್ಟ್ರು ಎಷ್ಟೋ ಸಲ ನಮ್ಮ ಕಡೆ ಬೆನ್ನು ಮಾಡಿ ನಿಂತು, ಸದ್ದು ಕೇಳಿಯೇ "ಎಡಗಾಲು ಮುಂಚೆ ಬಿತ್ತು" ಅನ್ನುತ್ತಿದ್ದರು. ಆಗ ನಮಗೆ ಅದು ಮಾಯೆಯ ಹಾಗೆ ಕಾಣುತ್ತಿತ್ತು.

ಇನ್ನೊಂದು ಮುಖ್ಯ ಸಂಗತಿ. ಪಾದ ನೆಲ ಬಿಟ್ಟ ಮೇಲೆ ಹೊಸದಾಗಿ ಸುತ್ತುವ ಬಲ ಎಲ್ಲಿಂದಲೂ ಬರುವುದಿಲ್ಲ. ಒತ್ತಿ ತಳ್ಳಲು ಗಾಳಿಯಲ್ಲಿ ಏನೂ ಇಲ್ಲವಲ್ಲ. ನೆಲದಿಂದ ಎಷ್ಟು ತಂದುಕೊಂಡಿರೋ ಅಷ್ಟೇ ಬಂಡವಾಳ. ಅದನ್ನು ಜೋರಾಗಿ ಖರ್ಚು ಮಾಡುವುದೋ ನಿಧಾನಕ್ಕೋ ಅನ್ನುವುದಷ್ಟೇ ನಮ್ಮ ಕೈಯಲ್ಲಿದೆ. ಆಫೀಸಿನ ತಿರುಗುವ ಕುರ್ಚಿಯಲ್ಲಿ ಕೂತು, ಕೈ ಕಾಲು ಚಾಚಿ ಒಂದು ಸುತ್ತು ತಿರುಗಿ. ತಿರುಗುತ್ತಿರುವಾಗಲೇ ಕೈ ಕಾಲು ಮೈಗೆ ಸೇರಿಸಿಕೊಳ್ಳಿ. ಕುರ್ಚಿ ಗಿರ್ರನೆ ಜೋರಾಗುತ್ತದೆ. ಮತ್ತೆ ಚಾಚಿದರೆ ನಿಧಾನ. ಟಕ್ ಮಾಡುವುದು ಇದಕ್ಕೇ. ನೇರ ಮೈಗಿಂತ ಉಂಡೆಯಾದ ಮೈ ಸುಮಾರು ಮೂರು ಪಟ್ಟು ಬೇಗ ತಿರುಗುತ್ತದೆ. ಇಳಿಯುವ ಮುನ್ನ ಕಾಲು ಬಿಚ್ಚಿದರೆ ಸುತ್ತು ನಿಧಾನವಾಗಿ ನಿಲ್ಲಲು ಆಗುತ್ತದೆ.

ಕಲಿಯುವ ಮಕ್ಕಳು ಮಾಡುವ ಮೊದಲ ತಪ್ಪು ಇಲ್ಲೇ ಗೊತ್ತಾಗುತ್ತದೆ. ಲಾಗ ಅಂದರೆ ತಲೆ ಕೆಳಗೆ ಮಾಡುವುದು ಅಂದುಕೊಂಡು, ಪಾದ ನೆಲದಲ್ಲಿರುವಾಗಲೇ ತಲೆ, ಎದೆ ಬಗ್ಗಿಸಿಬಿಡುತ್ತಾರೆ. ಸುತ್ತು ಸಿಗುತ್ತದೆ, ಎತ್ತರ ಸಿಗುವುದಿಲ್ಲ. ಎತ್ತರ ಇಲ್ಲದ ಸುತ್ತು ತಲೆಯನ್ನು ನೆಲದ ಹತ್ತಿರ ತಿರುಗಿಸುತ್ತದೆ. ಸರಿಯಾದ ಕ್ರಮದಲ್ಲಿ ಪಂಚ್ ಮಾಡುವಾಗ ಎದೆ ಎತ್ತಿರಬೇಕು, ಎರಡೂ ಕೈ ಕಿವಿಯ ಪಕ್ಕ ಮೇಲಕ್ಕೆ ಇರಬೇಕು, ಕಣ್ಣು ಎದುರಿಗೆ. ನೆಲ ಬಿಟ್ಟು ಮೇಲೆ ಹೋದ ನಂತರವೇ ಕೈ ಕೆಳಗೆ ಬಂದು ಮೊಣಕಾಲಿನ ಕೆಳಗೆ ಹಿಡಿಯಬೇಕು. ಮೊದಲು ಮೇಲೆ, ಆಮೇಲೆ ಸುತ್ತು.

ಬಾವಿಯಲ್ಲಿ ಬರುತ್ತೆ, ನೆಲದಲ್ಲಿ ಯಾಕೆ ಬರಲ್ಲ?

ಹಳ್ಳಿ ಕಡೆಯ ಹುಡುಗರು ಇದನ್ನು ಕೇಳೇ ಕೇಳುತ್ತಾರೆ. ಬಾವಿಯ ದಡದಿಂದ ಸಲೀಸಾಗಿ ಲಾಗ ಹಾಕುವವನು ನೆಲದ ಮೇಲೆ ಯಾಕೆ ಬೀಳುತ್ತಾನೆ?

ಲೆಕ್ಕ ಹಾಕಿ ನೋಡೋಣ. ಓಡಿ ಬಂದು ಹಾರುವ ಮಗುವಿನ ಮೈ 30 ಸೆಂಟಿಮೀಟರ್ ಮೇಲೆದ್ದಿತು ಅಂದುಕೊಳ್ಳಿ. ಮೇಲೆ ಹೋಗಲು ಕಾಲು ಸೆಕೆಂಡ್, ಕೆಳಗೆ ಬರಲು ಕಾಲು ಸೆಕೆಂಡ್. ಒಟ್ಟು ಅರ್ಧ ಸೆಕೆಂಡ್. ಅಷ್ಟರಲ್ಲಿ ಉಂಡೆಯಾಗಬೇಕು, ಸುತ್ತಬೇಕು, ಬಿಚ್ಚಬೇಕು, ಇಳಿಯಲು ಕಾಲು ಸಿದ್ಧವಾಗಬೇಕು. ಅದೇ ಹಾರಿಕೆಯನ್ನು ನೀರಿನಿಂದ 3 ಮೀಟರ್ ಎತ್ತರದ ದಡದಿಂದ ಹಾರಿದರೆ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ಹೆಚ್ಚುಕಡಿಮೆ ಎರಡು ಪಟ್ಟು ಹೊತ್ತು! ಸುತ್ತು ಸ್ವಲ್ಪ ಹೆಚ್ಚಾದರೂ ಕಡಿಮೆಯಾದರೂ ನೀರು ಕ್ಷಮಿಸುತ್ತದೆ, ನೆಲ ಕ್ಷಮಿಸುವುದಿಲ್ಲ. ಹಾಗಾಗಿ ಬಾವಿಯ ಅಭ್ಯಾಸವನ್ನು ನೆಲಕ್ಕೆ ಹಾಗೇ ತರಲು ಬರುವುದಿಲ್ಲ.

ಬಾವಿ, ಕೆರೆಯ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಬೇಕು. ಆಳ ಗೊತ್ತಿಲ್ಲದ ನೀರಿಗೆ ತಲೆ ಮೊದಲು ಬೀಳುವ ಹಾಗೆ ಹಾರುವುದು ಕುತ್ತಿಗೆ ಮೂಳೆ ಮುರಿಯಲು ದೊಡ್ಡ ಕಾರಣಗಳಲ್ಲಿ ಒಂದು. ಬೇಸಿಗೆಯಲ್ಲಿ ನೀರು ಇಳಿದಿರುತ್ತದೆ. ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡಕ್ಕಂತೂ ಇಳಿಯಲೇಬಾರದು. ದಡ ಜಾರುತ್ತದೆ, ಈಜು ಬಂದವರಿಗೂ ಹತ್ತಿ ಬರಲು ಆಗುವುದಿಲ್ಲ.

ಹಿಂದಕ್ಕಿಂತ ಮುಂದಕ್ಕೆ ಸುಲಭ ಅಲ್ವಾ?

ಹಾಗೆ ಅನ್ನಿಸುತ್ತದೆ, ಆದರೆ ಅಷ್ಟು ಸರಳ ಅಲ್ಲ. ಹಿಂದಕ್ಕೆ ಲಾಗ ಹಾಕಲು ಭಯ ಜಾಸ್ತಿ, ಯಾಕೆಂದರೆ ಶುರುವಿನಲ್ಲಿ ಏನೂ ಕಾಣುವುದಿಲ್ಲ. ಮುಂದಕ್ಕೆ ಹಾಕುವಾಗ ಶುರುವಿನಲ್ಲಿ ಎಲ್ಲ ಕಾಣುತ್ತದೆ, ಹಾಗಾಗಿ ಧೈರ್ಯ. ಇಳಿಯುವ ಹೊತ್ತಿಗೆ ಇದು ತಿರುಗುಮುರುಗು. ಹಿಂದಕ್ಕೆ ಸುತ್ತುವವರಿಗೆ ಅರ್ಧ ಸುತ್ತು ಮುಗಿದ ಮೇಲೆ ನೆಲ ಕಣ್ಣೆದುರು ಬರುತ್ತದೆ. ಎಷ್ಟು ದೂರ ಇದೆ ಅಂತ ನೋಡಿಕೊಂಡೇ ಕಾಲು ಊರಬಹುದು. ಮುಂದಕ್ಕೆ ಸುತ್ತುವವರ ಪಾದ ಮುಂದೆ ಬರುತ್ತದೆ, ಕಣ್ಣು ಅದರ ಹಿಂದೆ. ನೆಲ ಕಾಣುವಷ್ಟರಲ್ಲಿ ಪಾದ ಆಗಲೇ ನೆಲ ಮುಟ್ಟುತ್ತಿರುತ್ತದೆ. ಕರೆಂಟ್ ಹೋದಾಗ ಮೆಟ್ಟಿಲು ಇಳಿಯುತ್ತೀವಲ್ಲ, ಕೊನೆಯ ಮೆಟ್ಟಿಲು ಬಂತೋ ಇಲ್ಲವೋ ಅಂತ ಕಾಲು ತಡಕಾಡುತ್ತದೆ. ಮುಂದಕ್ಕೆ ಲಾಗ ಹಾಕಿ ಇಳಿಯುವುದು ಆ ಥರ. ಕೋಚ್‌ಗಳು ಇದಕ್ಕೆ ಬ್ಲೈಂಡ್ ಲ್ಯಾಂಡಿಂಗ್ ಅನ್ನುತ್ತಾರೆ.

ಹಾಗಾದರೆ ಯಾವಾಗ ಬಿಚ್ಚಬೇಕು ಅಂತ ಹೇಗೆ ಗೊತ್ತಾಗುತ್ತದೆ? ಎರಡು ದಾರಿ. ಒಂದು, ಸುತ್ತು ಮುಗಿಯುತ್ತಾ ಬಂದಾಗ ಎದುರಿನ ಗೋಡೆ ಕಣ್ಣಿಗೆ ಬೀಳುತ್ತದೆ. ನೆಲ ಹುಡುಕಬೇಡ, ಗೋಡೆ ಹುಡುಕು ಅಂತ ಕಲಿಸುತ್ತಾರೆ. ಇನ್ನೊಂದು ನಮ್ಮ ಒಳಗಿವಿಯಲ್ಲಿದೆ. ಅಲ್ಲಿ ದ್ರವ ತುಂಬಿದ ಮೂರು ಸಣ್ಣ ಕೊಳವೆಗಳಿವೆ. ತಲೆ ಯಾವ ಕಡೆ, ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಮಿದುಳಿಗೆ ಹೇಳುವುದು ಅವೇ. ಈ ಅರಿವು ಮಾತಿನಿಂದ ಬರುವುದಿಲ್ಲ. ಮೆತ್ತನೆ ಜಾಗದಲ್ಲಿ ನೂರಾರು ಸಲ ಸುತ್ತಿ ಸುತ್ತಿ ಮೈಗೆ ರೂಢಿಯಾಗಬೇಕು. ರೀಲ್ಸ್ ನೋಡಿ ಕಲಿತವರಲ್ಲಿ ಇಲ್ಲದೇ ಇರುವುದು ಇದೇ.

ಬೇಗ ಬಿಚ್ಚಿದರೆ ಸುತ್ತು ಅರ್ಧಕ್ಕೇ ನಿಂತು ಅಂಡೂರಿ ಬೀಳುತ್ತಾರೆ, ಕೈ ತಾನಾಗೇ ಹಿಂದಕ್ಕೆ ಹೋಗುತ್ತದೆ. ನಮ್ಮ ಪಕ್ಕದ ಮನೆಯ ಹುಡುಗನಿಗೆ ಆಗಿದ್ದು ಇದು. ತಡವಾಗಿ ಬಿಚ್ಚಿದರೆ ಮುಂದಕ್ಕೆ ಮುಗ್ಗರಿಸುತ್ತಾರೆ. ಬಿಚ್ಚದೇ ಇದ್ದರೆ ಕುಕ್ಕರುಗಾಲಿನಲ್ಲಿ ಇಳಿದು, ತನ್ನ ಮಂಡಿ ತನ್ನ ಮೂಗಿಗೋ ಹಲ್ಲಿಗೋ ಬಡಿಯುತ್ತದೆ. ಟಕ್ ಮಾಡುವಾಗ ಮಂಡಿಗಳ ನಡುವೆ ಸ್ವಲ್ಪ ಜಾಗ ಬಿಡಲು ಹೇಳುವುದು ಇದಕ್ಕೆ.

ಮೊದಲು ಇಳಿಯುವುದು, ಬೀಳುವುದು

ಒಳ್ಳೆ ಕಡೆ ಸೇರಿಸಿದರೆ ಮೊದಲ ಎಷ್ಟೋ ದಿನ ಲಾಗದ ಸುದ್ದಿಯೇ ಇರುವುದಿಲ್ಲ. ದುಡ್ಡು ಕೊಟ್ಟಿದ್ದೀವಿ, ಸುಮ್ನೆ ಮೆಟ್ಟಿಲಿಂದ ಹಾರಿಸ್ತಾ ಇದ್ದಾರೆ ಅಂತ ಬೇಜಾರು ಮಾಡಿಕೊಳ್ಳುವ ಅಪ್ಪ ಅಮ್ಮಂದಿರನ್ನು ನೋಡಿದ್ದೇನೆ. ಆ ಹಾರಿಸುವುದೇ ದೊಡ್ಡ ಪಾಠ.

ಒಂದಡಿ ಎತ್ತರದ ಪೆಟ್ಟಿಗೆಯಿಂದ ಕೆಳಕ್ಕೆ ಹಾರಬೇಕು. ಎರಡೂ ಪಾದ ಒಟ್ಟಿಗೆ, ಸೊಂಟದಷ್ಟು ಅಗಲಕ್ಕೆ. ಮಂಡಿ, ಸೊಂಟ ಮಡಿಯಬೇಕು, ಎದೆ ಎದ್ದಿರಬೇಕು, ಕೈ ಮುಂದಕ್ಕೆ. ಹಾಗೇ ಅಲ್ಲಾಡದೆ ಮೂರು ಎಣಿಸುವವರೆಗೆ ನಿಲ್ಲಬೇಕು. ಒಂದು ಹೆಜ್ಜೆ ಕದಲಿದರೂ ಮತ್ತೆ ಮೊದಲಿಂದ. ನೋಡುವವರು ಮಂಡಿಯ ಮೇಲೆ ಕಣ್ಣಿಡಬೇಕು. ಇಳಿಯುವಾಗ ಎರಡೂ ಮಂಡಿ ಒಳಕ್ಕೆ ವಾಲಿ ಒಂದಕ್ಕೊಂದು ಹತ್ತಿರ ಬರುತ್ತಿದ್ದರೆ, ಆ ಮಗುವಿನ ತೊಡೆ, ಸೊಂಟದ ಬಲ ಇನ್ನೂ ಸಾಲದು. ಮಂಡಿಯ ಒಳಗಿನ ಕಟ್ಟು (ಲಿಗಮೆಂಟ್) ಹರಿಯುವುದು ಹೆಚ್ಚಾಗಿ ಹೀಗೆ ವಾಲಿದಾಗ, ಇಲ್ಲವೇ ಕಾಲು ನೆಟ್ಟಗಿಟ್ಟು ಇಳಿದಾಗ. ಲಾಗದಿಂದ ಇಳಿಯುವಾಗ ಕಾಲಿನ ಮೇಲೆ ಮೈ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಮಂಡಿ ಮಡಿದರೆ ಅದು ತೊಡೆಯ ಸ್ನಾಯುಗಳಿಗೆ ಹೋಗುತ್ತದೆ. ಮಡಿಯದಿದ್ದರೆ ನೇರವಾಗಿ ಮೂಳೆಗೆ, ಕೀಲಿಗೆ.

ಆಮೇಲೆ ಬೀಳುವ ಪಾಠ. ಮುಂದಕ್ಕೆ ಬೀಳುವಂತಾದರೆ ಗಲ್ಲ ಎದೆಗೆ ಒತ್ತಿ ಉರುಳಬೇಕು. ಹಿಂದಕ್ಕೆ ಬೀಳುವಂತಾದರೆ ಕೈ ಊರಬಾರದು. ಎರಡೂ ಕೈ ಎದೆ ಮೇಲೆ ಕಟ್ಟಿ, ಬೆನ್ನು ಗುಂಡಗೆ ಮಾಡಿ, ತೊಟ್ಟಿಲಿನ ಹಾಗೆ ಹಿಂದಕ್ಕೆ ಉರುಳಬೇಕು. ಕೇಳಲು ಸುಲಭ, ಆದರೆ ಬೀಳುವಾಗ ಕೈ ಊರುವುದು ಹುಟ್ಟಿನಿಂದ ಬಂದ ಅಭ್ಯಾಸ. ಅದನ್ನು ಬಿಡಿಸಲು ವಾರಗಟ್ಟಲೆ ಬೇಕು. ಮಣಿಕಟ್ಟು ಮುರಿದುಕೊಂಡ ಹುಡುಗನಿಗೆ ಲಾಗಕ್ಕಿಂತ ಮೊದಲು ಇದು ಬಂದಿದ್ದರೆ ಬೆನ್ನಿಗೆ ಮರಳು ಮೆತ್ತಿಕೊಂಡು ಎದ್ದು ಬರುತ್ತಿದ್ದ.

ಇವುಗಳ ಜೊತೆಗೆ ಫಾರ್ವರ್ಡ್ ರೋಲ್, ಕೈ ಊರಿ ತಲೆಕೆಳಗಾಗಿ ನಿಲ್ಲುವ ಹ್ಯಾಂಡ್‌ಸ್ಟ್ಯಾಂಡ್, ಓಡಿ ಬಂದು ಹಾರಿ ಉರುಳುವ ಡೈವ್ ರೋಲ್. ಹೊಟ್ಟೆ, ಮೀನಖಂಡ, ತೊಡೆಗೆ ಬಲ ಬರುವ ಕಸರತ್ತು.

ಐದು ಮ್ಯಾಟ್, ನಾಲ್ಕು ಮ್ಯಾಟ್, ಮೂರು ಮ್ಯಾಟ್

ಈಗ ಲಾಗಕ್ಕೆ ಬರೋಣ. ಇದನ್ನು ಮೇಲಿಂದ ಕೆಳಕ್ಕೆ ಕಲಿಸುತ್ತಾರೆ ಅಂದರೆ ವಿಚಿತ್ರ ಅನ್ನಿಸಬಹುದು.

ದಪ್ಪ ಮೆತ್ತನೆ ಮ್ಯಾಟ್‌ಗಳನ್ನು ಮಗುವಿನ ಸೊಂಟದ ಎತ್ತರಕ್ಕೆ ಒಂದರ ಮೇಲೊಂದು ಪೇರಿಸುತ್ತಾರೆ. ಮುಂದೆ ಒಂದು ಸ್ಪ್ರಿಂಗ್‌ಬೋರ್ಡ್, ಅಂದರೆ ಚಿಮ್ಮಿಸುವ ಹಲಗೆ, ಅಥವಾ ಚಿಕ್ಕ ಟ್ರ್ಯಾಂಪೊಲಿನ್. ಮಗು ಓಡಿ ಬಂದು ಬೋರ್ಡಿನ ಮೇಲೆ ಪಂಚ್ ಮಾಡುತ್ತದೆ. ಮೊದಲು ಸುತ್ತು ಇಲ್ಲ, ನೇರ ಮೇಲಕ್ಕೆ ಹಾರಿ ಮ್ಯಾಟಿನ ಮೇಲೆ ನಿಲ್ಲುವುದು ಮಾತ್ರ. ಅದು ಗಟ್ಟಿಯಾದ ಮೇಲೆ ಸುತ್ತಿ ಮ್ಯಾಟಿನ ಮೇಲೆ ಬೆನ್ನು ಊರಿ ಬೀಳುವುದು. ಆಮೇಲೆ ಕೂತ ಭಂಗಿಯಲ್ಲಿ. ಅದಾದ ಮೇಲೆ ಕಾಲಿನ ಮೇಲೆ. ಎತ್ತರದ ಮ್ಯಾಟ್ ಇರುವುದರಿಂದ ಬೀಳುವ ದೂರವೇ ಇಲ್ಲ. ಹಾರಿದ ಎತ್ತರದಲ್ಲೇ ಮ್ಯಾಟ್ ಮಗುವನ್ನು ಹಿಡಿದುಕೊಳ್ಳುತ್ತದೆ. ಜೊತೆಗೆ, ಬಗ್ಗಿ ಹಾರಿದರೆ ಮ್ಯಾಟ್ ಹತ್ತಲು ಆಗುವುದೇ ಇಲ್ಲ. ಮೇಲೆ ಹಾರುವುದನ್ನು ಆ ಎತ್ತರವೇ ಕಲಿಸುತ್ತದೆ.

ಕಾಲಿನ ಮೇಲೆ ಸಲೀಸಾಗಿ, ಪ್ರತಿ ಸಲವೂ ಒಂದೇ ಥರ ಇಳಿಯುತ್ತಿದ್ದರೆ ಒಂದು ಮ್ಯಾಟ್ ತೆಗೆಯುತ್ತಾರೆ. ಮತ್ತೆ ಅಷ್ಟೇ ಅಭ್ಯಾಸ. ಇನ್ನೊಂದು ಮ್ಯಾಟ್. ತಡವರಿಸಿದರೆ ತೆಗೆದ ಮ್ಯಾಟ್ ವಾಪಸ್ ಹಾಕುತ್ತಾರೆ. ಒಂದು ಸಲ ಬಂತು ಅಂದರೆ ಬಂತು ಅಂತ ಅಲ್ಲ. ಹತ್ತರಲ್ಲಿ ಏಳು ಸರಿ, ಮೂರು ತಪ್ಪು ಅಂದರೆ ಆ ಮೂರನ್ನು ಗಟ್ಟಿ ನೆಲದ ಮೇಲೆ ಮಾಡಿಸಲು ಯಾರಿಗೆ ಮನಸ್ಸು ಬರುತ್ತದೆ?

ಈ ಹೊತ್ತಿನಲ್ಲೆಲ್ಲ ಕೋಚ್ ಪಕ್ಕದಲ್ಲೇ ನಿಂತಿರುತ್ತಾರೆ. ಒಂದು ಕೈ ಹೊಟ್ಟೆಯ ಕಡೆಯಿಂದ ಎತ್ತಿ ಕೊಡುತ್ತದೆ, ಇನ್ನೊಂದು ಕೈ ಬೆನ್ನಿಗೆ ಆಸರೆ. ಇದಕ್ಕೆ ಸ್ಪಾಟಿಂಗ್ ಅನ್ನುತ್ತಾರೆ. ದೊಡ್ಡ ಕೇಂದ್ರಗಳಲ್ಲಿ ಸೊಂಟಕ್ಕೆ ಬೆಲ್ಟ್ ಕಟ್ಟಿ, ಮೇಲಿನ ರಾಟೆಯಿಂದ ಹಗ್ಗ ಹಿಡಿಯುವ ವ್ಯವಸ್ಥೆ ಇರುತ್ತದೆ. ಬಾವಿಯ ರಾಟೆ ಇದ್ದ ಹಾಗೆಯೇ. ಗೆಳೆಯರು ಗೆಳೆಯರಿಗೆ ಸ್ಪಾಟಿಂಗ್ ಮಾಡುವುದು ಬೇಡವೇ ಬೇಡ. ತಪ್ಪು ಹೊತ್ತಿನಲ್ಲಿ ಮುಟ್ಟಿದ ಕೈ ಸುತ್ತನ್ನು ನಡುವೆಯೇ ನಿಲ್ಲಿಸಿ ತಲೆಯ ಮೇಲೆ ಬೀಳಿಸುತ್ತದೆ. ಹಿಡಿಯುವವರ ಮುಖಕ್ಕೆ ಹಿಮ್ಮಡಿ ಬಡಿಯುವುದೂ ಉಂಟು.

ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು. ಇಷ್ಟು ದಿನದಲ್ಲಿ ಗ್ಯಾರಂಟಿ ಅಂತ ಬೋರ್ಡ್ ಹಾಕಿದ ಕಡೆಗೆ ಮಾತ್ರ ಹೋಗಬೇಡಿ.

ಮರಳು ಮೆತ್ತಗಿತ್ತಲ್ಲ?

ಪಕ್ಕದ ಮನೆಯವರು ಇದನ್ನೂ ಕೇಳಿದ್ದರು. ಎಂ-ಸ್ಯಾಂಡ್ ರಾಶಿ ಮುಟ್ಟಲು ಮೆತ್ತಗಿದೆ ಅಷ್ಟೇ. ಮೇಲಿಂದ ಬಿದ್ದರೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ಹಾರುವಾಗ ಪಾದ ಹುದುಗಿ ಚಿಮ್ಮುವ ಬಲ ತಿಂದುಹಾಕುತ್ತದೆ. ಇಳಿಜಾರಾದ್ದರಿಂದ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಪಾದ ಮರಳಲ್ಲಿ ಸಿಕ್ಕಿಕೊಂಡು ಮೈ ಇನ್ನೂ ತಿರುಗುತ್ತಿದ್ದರೆ ಮಂಡಿ ತಿರುಚುತ್ತದೆ. ಒಳಗೆ ಜಲ್ಲಿ, ಕಬ್ಬಿಣದ ಚೂರು ಏನಿದೆಯೋ ಯಾರಿಗೆ ಗೊತ್ತು?

ಮ್ಯಾಟಿನ ಕೆಲಸ ತಿಳಿಯಲು ನಮ್ಮ ಜಿಲ್ಲೆಯ ತೆಂಗಿನ ತೋಟಕ್ಕಿಂತ ಒಳ್ಳೆ ಜಾಗ ಇಲ್ಲ. ಸುಲಿದ ಕಾಯಿಯನ್ನು ಬಂಡೆ ಮೇಲೆ ಬಿಟ್ಟರೆ ಒಡೆಯುತ್ತದೆ. ಅಷ್ಟೇ ಎತ್ತರದಿಂದ ಹುಲ್ಲಿನ ಮೆದೆ ಮೇಲೆ ಬಿಟ್ಟರೆ ಏನೂ ಆಗುವುದಿಲ್ಲ. ಬಿದ್ದ ವೇಗ ಒಂದೇ, ನಿಲ್ಲಲು ಸಿಕ್ಕ ಜಾಗ ಬೇರೆ. ಒಂದು ಮೀಟರಿನಿಂದ ಬಿದ್ದದ್ದು 2 ಸೆಂಟಿಮೀಟರಿನಲ್ಲಿ ನಿಲ್ಲುವ ಬದಲು 20 ಸೆಂಟಿಮೀಟರಿನಲ್ಲಿ ನಿಂತರೆ, ಪೆಟ್ಟು ಸುಮಾರು ಎಂಟು-ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದೊಡ್ಡ ಸ್ಪರ್ಧೆಗಳಲ್ಲಿ 12 ಮೀಟರ್ ಉದ್ದ, 12 ಮೀಟರ್ ಅಗಲದ ಫ್ಲೋರ್ ನೋಡಿರುತ್ತೀರಿ. ಮೇಲೆ ಬರೀ ಕಾರ್ಪೆಟ್ ಹಾಕಿದ ಹಾಗೆ ಕಾಣುತ್ತದೆ. ಅದರ ಕೆಳಗೆ ಫೋಮ್, ಅದರ ಕೆಳಗೆ ಪ್ಲೈವುಡ್, ಪ್ಲೈವುಡ್ ಕೆಳಗೆ ಸಾಲು ಸಾಲು ಸ್ಪ್ರಿಂಗ್. ಟಿವಿಯಲ್ಲಿ ನೋಡಿದ್ದನ್ನು ಶಾಲೆಯ ಕೆಮ್ಮಣ್ಣಿನ ಮೈದಾನದಲ್ಲಿ ಮಾಡಲು ಹೋದರೆ ಲೆಕ್ಕ ತಪ್ಪುವುದು ಇದಕ್ಕೆ.

ನಾನು ಕಲಿಯುವಾಗ ನಮ್ಮ ಶಾಲೆಯಲ್ಲಿ ಇದ್ದದ್ದು ತೆಂಗಿನ ನಾರಿನ ಮ್ಯಾಟ್‌ಗಳು. ಭಾರ, ಗಟ್ಟಿ, ಮೈ ಉಜ್ಜಿದರೆ ಚರ್ಮ ಕಿತ್ತು ಬರುತ್ತಿತ್ತು. ಎರಡು ಮ್ಯಾಟ್ ಪಕ್ಕಪಕ್ಕ ಹಾಕಿದ್ದರು, ನಡುವೆ ನಾಲ್ಕು ಬೆರಳಿನಷ್ಟು ಸಂದು. ಒಂದು ದಿನ ನನ್ನ ಎಡ ಪಾದ ನೇರ ಆ ಸಂದಿಗೇ ಬಿತ್ತು. ಹಿಮ್ಮಡಿ ಕೀಲು ತಿರುಚಿ ಆರು ವಾರ ಕುಂಟಿದೆ. ಲಾಗ ಚೆನ್ನಾಗೇ ಹಾಕಿದ್ದೆ. ಇವತ್ತಿಗೂ ಯಾವ ಮ್ಯಾಟ್ ನೋಡಿದರೂ ನನ್ನ ಕಣ್ಣು ಮೊದಲು ಸಂದಿಗೆ ಹೋಗುತ್ತದೆ.

ಮಾಲ್‌ಗಳಲ್ಲಿರುವ ಟ್ರ್ಯಾಂಪೊಲಿನ್ ಬಗ್ಗೆಯೂ ಕೇಳುತ್ತಾರೆ. ಕುಣಿಯಲು ಸರಿ, ಲಾಗಕ್ಕೆ ಬೇಡ. ಅಮೆರಿಕದ ಮಕ್ಕಳ ವೈದ್ಯರ ಸಂಘ 2012ರಲ್ಲೇ ಆಟದ ಟ್ರ್ಯಾಂಪೊಲಿನ್ ಮೇಲೆ ಪಲ್ಟಿ ಹೊಡೆಯಬಾರದು ಅಂತ ಹೇಳಿದೆ. ಟ್ರ್ಯಾಂಪೊಲಿನ್ ಪೆಟ್ಟುಗಳಲ್ಲಿ ಸುಮಾರು ಮುಕ್ಕಾಲು ಪಾಲು ಆಗುವುದು ಒಂದೇ ಹೊತ್ತಿನಲ್ಲಿ ಒಬ್ಬರಿಗಿಂತ ಹೆಚ್ಚು ಜನ ಕುಣಿಯುವಾಗ ಅಂತಲೂ ಅದೇ ಸಂಘ ಹೇಳುತ್ತದೆ.

ದೀಪಾ ಮಾಡಿದ್ದು ಏನು?

ಮುಂದಕ್ಕೆ ಲಾಗದ ಮಾತು ಬಂದರೆ ತ್ರಿಪುರಾದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ನೆನಪಾಗಲೇಬೇಕು. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ ಫೈನಲ್‌ನಲ್ಲಿ ಅವರು ಮಾಡಿದ್ದು ಪ್ರೊಡುನೋವಾ. ಓಡಿ ಬಂದು ವಾಲ್ಟ್ ಮೇಜಿನ ಮೇಲೆ ಕೈ ಊರಿ ಹ್ಯಾಂಡ್‌ಸ್ಪ್ರಿಂಗ್, ಅಲ್ಲಿಂದ ಗಾಳಿಯಲ್ಲಿ ಮುಂದಕ್ಕೆ ಎರಡು ಸುತ್ತು, ಆಮೇಲೆ ಇಳಿಯುವುದು. ಅಂದರೆ ನಾವು ಇಷ್ಟು ಹೊತ್ತು ಮಾತಾಡಿದ ಲಾಗವೇ ಎರಡು, ಒಂದೇ ಹಾರಿಕೆಯಲ್ಲಿ. ನೆಲ ಕಾಣದೆ ಇಳಿಯುವ ಕಷ್ಟವೂ ಎರಡು ಪಟ್ಟು. 15.066 ಅಂಕ ಪಡೆದು ನಾಲ್ಕನೇ ಸ್ಥಾನಕ್ಕೆ ಬಂದರು. ಕಂಚು ತಪ್ಪಿದ್ದು 0.150 ಅಂಕದಿಂದ. ಆ ವಿಡಿಯೊ ಸಿಕ್ಕರೆ ಇಳಿಯುವ ಜಾಗವನ್ನು ನಿಧಾನಕ್ಕೆ ನೋಡಿ. ಪಾದದ ಮೇಲೇ ಇಳಿದರು, ಆದರೆ ಸೊಂಟ ನೆಲಕ್ಕೆ ತಾಗುವಷ್ಟು ಕೆಳಗೆ ಕೂತುಬಿಟ್ಟರು. ಅಷ್ಟು ಬಲ ಇದ್ದವರಿಗೇ ಹಾಗೆ. ಮರುವರ್ಷ ಅವರಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆಯಿತು. ಅದರಿಂದ ಎದ್ದು ಬಂದು 2024ರಲ್ಲಿ ಏಷ್ಯನ್ ಚಾಂಪಿಯನ್‌ಶಿಪ್‌ನ ವಾಲ್ಟ್‌ನಲ್ಲಿ ಚಿನ್ನ ಗೆದ್ದರು. ಅವರ ಹೆಸರು ಬರೆಯುವಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ.

ಒಂದು ಸುತ್ತಿನಿಂದ ಅಲ್ಲಿಗೆ ನಡುವೆ ತುಂಬ ಮೆಟ್ಟಿಲುಗಳಿವೆ. ಟಕ್ ಗಟ್ಟಿಯಾದ ಮೇಲೆ ಪೈಕ್, ಆಮೇಲೆ ಹ್ಯಾಂಡ್‌ಸ್ಪ್ರಿಂಗ್ ಮುಗಿದ ಕೂಡಲೇ ಟಕ್, ಆಮೇಲೆ ಲೇಔಟ್, ಅದರಲ್ಲಿ ಮೈಯನ್ನು ಪಕ್ಕಕ್ಕೆ ತಿರುಗಿಸುವ ಅರ್ಧ ತಿರುವು, ಪೂರ್ತಿ ತಿರುವು. ಎರಡು ಸುತ್ತು ಎಲ್ಲಕ್ಕಿಂತ ಕೊನೆಗೆ. ಪ್ರತಿ ಮೆಟ್ಟಿಲೂ ಮತ್ತೆ ಮೆತ್ತನೆ ಜಾಗದಿಂದಲೇ ಶುರು. ಸ್ಪಂಜಿನ ತುಂಡು ತುಂಬಿದ ಗುಂಡಿ ಇರುತ್ತದೆ, ಫೋಮ್ ಪಿಟ್ ಅಂತ. ಮೊದಲು ಅದಕ್ಕೇ ಬೀಳುತ್ತಾರೆ.

ಸುತ್ತಿ ಬಂದು ಕಾಲಿನ ಬದಲು ಕೈ, ಕುತ್ತಿಗೆಯ ಕಡೆಯಿಂದ ಉರುಳಿ ಮುಗಿಸುವ ಕೆಲವು ಲಾಗಗಳೂ ಇದ್ದವು. ಸೋವಿಯತ್ ಒಕ್ಕೂಟದ ಎಲೆನಾ ಮುಖಿನಾ 1978ರ ವಿಶ್ವ ಚಾಂಪಿಯನ್. 1980ರಲ್ಲಿ ಮಾಸ್ಕೋ ಒಲಿಂಪಿಕ್ಸ್‌ಗೆ ಸ್ವಲ್ಪ ಮುಂಚೆ, ಕಾಲಿನ ಪೆಟ್ಟು ಪೂರ್ತಿ ಮಾಗದೆ ಇರುವಾಗಲೇ, ಥಾಮಸ್ ಸಾಲ್ಟೊ ಅನ್ನುವ ಅಂಥ ಲಾಗದ ಅಭ್ಯಾಸದಲ್ಲಿ ಗಲ್ಲದ ಮೇಲೆ ಬಿದ್ದರು. ಕುತ್ತಿಗೆ ಮುರಿದು ಕೈಕಾಲು ಬಲ ಹೋಯಿತು. ಆಗ ಅವರಿಗೆ 20 ವರ್ಷ. ಆ ಬಗೆಯ ಲಾಗಗಳನ್ನು ಮುಂದೆ ಸ್ಪರ್ಧೆಯಿಂದಲೇ ತೆಗೆದುಹಾಕಿದರು. ಇನ್‌ಸ್ಟಾಗ್ರಾಂನಲ್ಲಿ ಇವತ್ತಿಗೂ ಹುಡುಗರು ಅವನ್ನು ಪ್ರಯತ್ನಿಸುವುದು ಕಾಣಿಸುತ್ತದೆ.

"ಇವತ್ತು ಬೇಡ ಸರ್" ಅಂದಾಗ

ನಿನ್ನೆಯವರೆಗೆ ಚೆನ್ನಾಗಿ ಹಾಕುತ್ತಿದ್ದ ಮಗು ಒಂದು ದಿನ ಓಡಿ ಬಂದು ಬೋರ್ಡಿನ ಮೇಲೆ ನಿಂತುಬಿಡುತ್ತದೆ. ಇದು ಹಟ ಅಲ್ಲ. ಗಾಳಿಯಲ್ಲಿ ತಾನು ಎಲ್ಲಿದ್ದೇನೆ ಅನ್ನುವ ಅರಿವು ಕೆಲವೊಮ್ಮೆ ಕೈ ಬಿಡುತ್ತದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್‌ಗೆ ಆಗಿದ್ದು ಇದೇ. ಒಂದು ವಾಲ್ಟ್ ಮಾಡಿ, ತಂಡದ ಫೈನಲ್‌ನಿಂದ ಹಿಂದೆ ಸರಿದರು. 2024ರಲ್ಲಿ ಪ್ಯಾರಿಸ್‌ಗೆ ಬಂದು ಮೂರು ಚಿನ್ನ ಗೆದ್ದರು. ಅವರೇ ನಿಲ್ಲಬಹುದಾದರೆ ಏಳನೇ ಕ್ಲಾಸಿನ ಹುಡುಗಿ ನಿಲ್ಲಬಾರದಾ? ಅರ್ಧ ಮನಸ್ಸಿನಿಂದ ಹಾರಿದವರೇ ನಡುವೆ ಬಿಚ್ಚುವುದು. ಅಂಥ ದಿನ ಎತ್ತರದ ಮ್ಯಾಟಿಗೆ ವಾಪಸ್, ಅಥವಾ ಬರೀ ರೋಲ್ ಮಾಡಿಸಿ ಮನೆಗೆ. ಸುಸ್ತಾದಾಗ, ಜ್ವರದಿಂದ ಎದ್ದ ವಾರದಲ್ಲಿ, ಪರೀಕ್ಷೆಗೆ ನಿದ್ದೆಗೆಟ್ಟ ದಿನ ಕೂಡ ಲಾಗ ಬೇಡ.

ಪೆಟ್ಟಾದರೆ ಏನು ಮಾಡಬೇಕು, ಏನು ಮಾಡಬಾರದು

ತಲೆ ಅಥವಾ ಕುತ್ತಿಗೆಯ ಮೇಲೆ ಬಿದ್ದರೆ ಎಬ್ಬಿಸಿ ಕೂರಿಸಬೇಡಿ. ನಮ್ಮವರು ಮೊದಲು ಮಾಡುವುದೇ ಅದು, ರಟ್ಟೆ ಹಿಡಿದು ಎತ್ತಿ ನೀರು ಕುಡಿಸುವುದು. ಕುತ್ತಿಗೆ ನೋವು, ಕೈಕಾಲು ಜೋಮು, ಬೆರಳು ಅಲ್ಲಾಡಿಸಲು ಆಗದಿರುವುದು, ಇವುಗಳಲ್ಲಿ ಒಂದಿದ್ದರೂ ಇದ್ದ ಹಾಗೇ ಮಲಗಿರಲಿ. ಒಬ್ಬರು ತಲೆಯ ಎರಡೂ ಪಕ್ಕ ಕೈ ಇಟ್ಟು ಅಲ್ಲಾಡದಂತೆ ಹಿಡಿಯಲಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಬೈಕಿನ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಓಡುವುದು ಬೇಡ. ತಲೆಗೆ ಬಿದ್ದ ಮೇಲೆ ವಾಂತಿ, ಮಂಪರು, ತಲೆನೋವು, ಕೇಳಿದ್ದನ್ನೇ ಕೇಳುವುದು ಕಂಡರೆ ತಕ್ಷಣ ಡಾಕ್ಟರಿಗೆ ತೋರಿಸಬೇಕು. ಆ ದಿನ ಮತ್ತೆ ಆಟ ಇಲ್ಲ.

ಮಣಿಕಟ್ಟು, ಹಿಮ್ಮಡಿ ಕೀಲು ಊದಿದರೆ ನಮ್ಮ ಕಡೆ ಎಣ್ಣೆ ಹಚ್ಚಿ ನೀವುತ್ತಾರೆ, ಇಲ್ಲವೇ ನಾಟಿ ಕಟ್ಟು ಕಟ್ಟಿಸುತ್ತಾರೆ. ಮಕ್ಕಳ ವಿಷಯದಲ್ಲಿ ಇದು ಅಪಾಯ. ಬೆಳೆಯುವ ಮಕ್ಕಳ ಮೂಳೆಯ ತುದಿಯ ಹತ್ತಿರ ಮೆತ್ತನೆಯ ಒಂದು ಪದರ ಇರುತ್ತದೆ. ಮೂಳೆ ಉದ್ದ ಬೆಳೆಯುವುದು ಅಲ್ಲಿಂದ. ದೊಡ್ಡವರಿಗೆ ಬರೀ ಉಳುಕಾಗುವ ಪೆಟ್ಟಿನಲ್ಲಿ ಮಕ್ಕಳಿಗೆ ಈ ಪದರ ಬಿಟ್ಟುಕೊಂಡಿರಬಹುದು. ಸರಿಯಾಗಿ ಕೂಡದಿದ್ದರೆ ಕೈ ಸೊಟ್ಟ ಬೆಳೆಯಬಹುದು. ಎಕ್ಸ್-ರೇ ತೆಗೆಸಿ, ಮೂಳೆ ಡಾಕ್ಟರಿಗೆ ತೋರಿಸಿ. ಪಕ್ಕದ ಮನೆಯ ಹುಡುಗನಿಗೆ ಅವತ್ತೇ ಎಕ್ಸ್-ರೇ ಆಯಿತು, ಪ್ಲಾಸ್ಟರ್ ಬಿತ್ತು. ಅಷ್ಟು ಒಳ್ಳೆಯದಾಯಿತು.

ಕ್ಲಾಸು ನೋಡಲು ಹೋದಾಗ

ಫೀಸು ಕಟ್ಟುವ ಮೊದಲು ಒಂದು ಗಂಟೆ ಸುಮ್ನೆ ಕೂತು ನೋಡಿ. ನೋಡಲು ಬಿಡದ ಕಡೆ ಬೇಡ. ಮ್ಯಾಟ್‌ಗಳ ನಡುವೆ ಸಂದು ಇದೆಯಾ, ಅಂಚಿಗೆ ಕಂಬ, ಗೋಡೆ ಹತ್ತಿರ ಇದೆಯಾ ಅಂತ ಗಮನಿಸಿ. ಒಬ್ಬ ಕೋಚ್ ಎಷ್ಟು ಮಕ್ಕಳನ್ನು ನೋಡುತ್ತಿದ್ದಾರೆ? ಲಾಗ ಹಾಕುವ ಮಗುವಿನ ಪಕ್ಕದಲ್ಲಿದ್ದಾರಾ, ಕುರ್ಚಿಯಲ್ಲಿ ಕೂತು ಫೋನ್ ನೋಡುತ್ತಿದ್ದಾರಾ? ಜಿಮ್ನಾಸ್ಟಿಕ್ಸ್ ಕೋಚಿಂಗ್ ಎಲ್ಲಿ ಕಲಿತಿರಿ ಅಂತ ಕೇಳಿ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಕೋಚಿಂಗ್ ಡಿಪ್ಲೊಮಾ ಮಾಡಿದವರು ಇರುತ್ತಾರೆ, ಎನ್‌ಐಎಸ್ ಕೋಚ್ ಅನ್ನುತ್ತಾರೆ. ಡ್ಯಾನ್ಸ್ ಕ್ಲಾಸುಗಳಲ್ಲಿ ವಾರ್ಷಿಕೋತ್ಸವಕ್ಕೆ ಅಂತ ಹದಿನೈದು ದಿನದಲ್ಲಿ ಲಾಗ ಕಲಿಸುವವರಿಗೆ ಇದೇ ಪ್ರಶ್ನೆ ಇನ್ನೂ ಗಟ್ಟಿಯಾಗಿ ಕೇಳಿ.

ಪಕ್ಕದ ಮನೆಯವರು ಈ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಎರಡು ಕಡೆ ಫೋನ್ ಮಾಡಿದರು. ಒಂದು ಕಡೆ "ಏನೂ ಆಗಲ್ಲ ಮೇಡಂ, ಕಳಿಸಿ" ಅಂದರಂತೆ. ಇನ್ನೊಂದು ಕಡೆಯವರು "ಪ್ಲಾಸ್ಟರ್ ಬಿಚ್ಚಿದ ಮೇಲೆ ಡಾಕ್ಟರ್ ಸರಿ ಅಂದರೆ ಕರ್ಕೊಂಡು ಬನ್ನಿ. ಮೊದಲ ತಿಂಗಳು ಬರೀ ಹಾರೋದು, ಇಳಿಯೋದು, ಬೀಳೋದು. ನಿಮ್ಮ ಮಗನಿಗೆ ಬೇಜಾರಾಗುತ್ತೆ, ಈಗಲೇ ಹೇಳಿಬಿಡಿ" ಅಂದರಂತೆ.

ಹುಡುಗನಿಗೆ ಬೇಜಾರಂತೂ ಆಗಿದೆ. ಆದರೂ ಪ್ಲಾಸ್ಟರ್ ಹಾಕಿದ ಕೈ ಎದೆಗೆ ಹಿಡಿದುಕೊಂಡು, ಮನೆ ಮುಂದಿನ ಮೆಟ್ಟಿಲಿನಿಂದ ಹಾರಲು ಶುರು ಮಾಡಿದ್ದ. ಅದೂ ಪ್ಲಾಸ್ಟರ್ ಬಿಚ್ಚಿದ ಮೇಲೇ ಅಂತ ಹೇಳಿ ನಿಲ್ಲಿಸಿದ್ದೇವೆ. ಇನ್ನು ಮೂರು ವಾರ ಇದೆ.